ಪಾಲಾಗುವ ಮೊದಲೇ ಆಡಳಿತಗಾರ ತೀರಿಕೊಂಡರೆ ಮುಂದೇನು?

ಪ್ರಶ್ನೆ: ನಮ್ಮದು ವಿರಾಜಪೇಟೆ ತಾಲ್ಲೂಕು. ತಂದೆ 2018ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಅವರ ಸ್ವಂತ ಹೆಸರಿನಲ್ಲಿ 20 ಎಕರೆ ಕಾಫಿ ತೋಟ, ಬ್ಯಾಂಕ್ ಠೇವಣಿ, ಕೆಲವು ಕಂಪನಿಗಳ ಷೇರು ಇದ್ದವು. ತಾಯಿ ಇದ್ದಾರೆ. ನಾವು ನಾಲ್ವರು ಮಕ್ಕಳು, ತಮ್ಮನೊಬ್ಬ ವಿದೇಶದಲ್ಲಿದ್ದಾನೆ. ದೊಡ್ಡಣ್ಣ 2020ರಲ್ಲಿ ಮಡಿಕೇರಿಯ ಜಿಲ್ಲಾ ನ್ಯಾಯಾಲಯದಿಂದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ಪಡೆದು ಸಾಲ ತೀರಿಸಿದರು, ಒಂದಷ್ಟು ಠೇವಣಿ ಹಂಚಿದರು. ತೋಟ ಪಾಲು ಮಾಡಬೇಕು ಅನ್ನುವಷ್ಟರಲ್ಲಿ, ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ, ಅಣ್ಣನೇ ಹೋಗಿಬಿಟ್ಟರು. ಅವರಿಗೆ ಹೆಂಡತಿ, 24 ವರ್ಷದ ಮಗ, 16 ವರ್ಷದ ಮಗಳು ಇದ್ದಾರೆ. ಬ್ಯಾಂಕಿನವರು ಖಾತೆ ತಡೆಹಿಡಿದಿದ್ದಾರೆ. ಅಣ್ಣನ ಮಗ ‘ಅಪ್ಪನ ಜಾಗಕ್ಕೆ ನಾನೇ’ ಎನ್ನುತ್ತಿದ್ದಾನೆ. ಹುತ್ತರಿ ಹಬ್ಬ ಕಳೆದರೆ ಕೊಯ್ಲು ಶುರು. ಹೊಸಬರನ್ನು ನೇಮಿಸುವುದು ಹೇಗೆ?

ಉತ್ತರ: ನಿಮ್ಮ ಅಣ್ಣನ ಮಗ ಅಪ್ಪನ ಜಾಗಕ್ಕೆ ತಾನಾಗಿಯೇ ಬರುವುದಿಲ್ಲ. ಆಡಳಿತ ಪತ್ರ (ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್) ಎಂಬುದು ನ್ಯಾಯಾಲಯವು ಒಬ್ಬರನ್ನು ನಂಬಿ, ಅವರಿಂದ ಬಾಂಡ್ ಬರೆಸಿಕೊಂಡು, ಅವರ ಕೈಗೆ ಕೊಟ್ಟ ಹೊಣೆ. ಆ ವ್ಯಕ್ತಿ ಹೋದರೆ ಹೊಣೆಯೂ ಅಲ್ಲಿಗೇ ನಿಂತಿತು, ಅದಕ್ಕೆ ವಾರಸುದಾರರಿಲ್ಲ. ಹಾಗೆಯೇ ಅಣ್ಣ ಆಡಳಿತಗಾರರಾಗಿ ಹಿಡಿದುಕೊಂಡಿದ್ದ ಆಸ್ತಿ ಅವರ ಹೆಂಡತಿ ಮಕ್ಕಳ ಆಸ್ತಿಯೂ ಆಗುವುದಿಲ್ಲ. ಅದು ಇನ್ನೂ ನಿಮ್ಮ ತಂದೆಯ ಸೊತ್ತು, ಹಂಚಿಕೆಗೆ ಕಾದು ಕೂತಿದೆ.

ಇದರಲ್ಲಿ ಕೊಡಗಿನದೇ ಒಂದು ತೊಡಕಿದೆ. ಇಲ್ಲಿ ಎಸ್ಟೇಟ್ ಎಂದರೆ ತೋಟ. ಪತ್ರದಲ್ಲಿ ‘ಎಸ್ಟೇಟ್‌ನ ಅಡ್ಮಿನಿಸ್ಟ್ರೇಟರ್’ ಎಂದು ಕಂಡವರು ತೋಟ ನೋಡಿಕೊಳ್ಳುವವರು ಎಂದೇ ಓದುತ್ತಾರೆ. ಕಾನೂನಿನ ಎಸ್ಟೇಟ್ ಎಂದರೆ ಸತ್ತವರು ಬಿಟ್ಟುಹೋದ ಅಷ್ಟೂ: ತೋಟ, ಠೇವಣಿ, ಷೇರು, ಬರಬೇಕಾದ ಬಾಕಿ, ಕೊಡಬೇಕಾದ ಸಾಲ. ಅಪ್ಪನ ಜೊತೆ ಓಡಾಡಿ ಮರಗಸಿ, ಗೊಬ್ಬರ, ಕೂಲಿ ಬಟವಾಡೆ ಎಲ್ಲ ಬಲ್ಲ ಹುಡುಗ ‘ನಾನೇ ಮುಂದುವರಿಸುತ್ತೇನೆ’ ಎಂದರೆ ಅದು ದುರಾಸೆಯೇ ಆಗಿರಬೇಕೆಂದಿಲ್ಲ. ತೋಟದ ಕೆಲಸಕ್ಕೆ ಅವನನ್ನು ಇಟ್ಟುಕೊಳ್ಳಿ, ಬೇಡವೆನ್ನುವವರಿಲ್ಲ. ಎಸ್ಟೇಟ್ ಪರವಾಗಿ ಸಹಿ ಹಾಕುವ ಅಧಿಕಾರ ಮಾತ್ರ ಅವನಿಗಿಲ್ಲ.

ಈ ವಾರವೇ ಮಾಡಬೇಕಾದ ಮೂರು ಕೆಲಸಗಳಿವೆ. ಮೊದಲನೆಯದು ಬ್ಯಾಂಕು. ಅಣ್ಣನ ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಖಾತೆಯಲ್ಲಿರುವುದು ತಂದೆಯ ಎಸ್ಟೇಟಿನ ಹಣ, ಅಣ್ಣನ ಸ್ವಂತದ್ದಲ್ಲ, ನಾಮಿನಿಗೆ ಕೊಡಬಾರದು ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಅಣ್ಣ ಮೊದಲೇ ಸಹಿ ಮಾಡಿಟ್ಟ ಚೆಕ್ಕು ಮನೆಯಲ್ಲಿದ್ದರೆ ಹಾಗೇ ಇರಲಿ. ಅವರು ತೋಟದ ರೈಟರ್‌ಗೋ (ಗುಮಾಸ್ತನಿಗೋ) ಮಗನಿಗೋ ಬರೆದುಕೊಟ್ಟಿದ್ದ ಪವರ್ ಆಫ್ ಅಟಾರ್ನಿಯೂ ಅವರ ಸಾವಿನೊಂದಿಗೇ ಮುಗಿಯಿತು. ಅದನ್ನು ಹಿಡಿದು ಮಾಡಿದ ವ್ಯವಹಾರ ಮುಂದೆ ಮಾಡಿದವರ ತಲೆಗೇ ಬರುತ್ತದೆ.

ಎರಡನೆಯದು ಪಹಣಿ. ಬಹಳ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಆಡಳಿತ ಪತ್ರ ತೋರಿಸಿ ಖಾತೆ ಬದಲಾಯಿಸಿದಾಗ 9ನೇ ಕಾಲಂನಲ್ಲಿ ಆಡಳಿತಗಾರರ ಹೆಸರು ಮಾತ್ರ ಕೂತು, ‘ಇಂಥವರ ಸ್ವತ್ತಿನ ಆಡಳಿತಗಾರ’ ಎಂಬ ಮಾತು ಬಿಟ್ಟುಹೋಗಿರುತ್ತದೆ. ಓದುವವರ ಕಣ್ಣಿಗೆ ಅವರೇ ಮಾಲೀಕರು. ಅವರು ತೀರಿಕೊಂಡ ಕೂಡಲೇ ಅವರ ಮಕ್ಕಳು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ (ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದಕ್ಕೆ) ಅರ್ಜಿ ಕೊಟ್ಟರೆ ಇಪ್ಪತ್ತೂ ಎಕರೆ ಒಂದೇ ಕವಲಿಗೆ ಹೋಗಿಬಿಡಬಹುದು. ಇಂದೇ ಪಹಣಿ ಮತ್ತು ಮ್ಯುಟೇಷನ್ (ಖಾತೆ ಬದಲಾವಣೆ) ರಿಜಿಸ್ಟರಿನ ನಕಲು ತೆಗೆಸಿ ನೋಡಿ. ಅಣ್ಣನೊಬ್ಬರ ಹೆಸರೇ ಇದ್ದರೆ ಆಡಳಿತ ಪತ್ರದ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಡಿ. ಕರ್ನಾಟಕ ಭೂಕಂದಾಯ ಕಾಯ್ದೆಯ 129ನೇ ಕಲಮಿನ ಪ್ರಕಾರ, ಮ್ಯುಟೇಷನ್ ನೋಟೀಸಿನ ಅವಧಿಯೊಳಗೆ ತಕರಾರು ಬಂದರೆ ಅದು ವಿವಾದಿತ ಪ್ರಕರಣವಾಗಿ ವಿಚಾರಣೆಗೆ ನಿಲ್ಲುತ್ತದೆ. ಖಾತೆ ಆಗಿಯೇ ಹೋಗಿದ್ದರೆ 136ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬೇಕು, ಅದಕ್ಕಿರುವುದು 60 ದಿನ.

ಮೂರನೆಯದು ಕೊಯ್ಲು. ಅರೇಬಿಕಾ ಹಣ್ಣು ನ್ಯಾಯಾಲಯದ ತಾರೀಖು ಕೇಳುವುದಿಲ್ಲ. ಅದರ ಹಿಂದೆಯೇ ರೊಬಸ್ಟಾ, ಆಮೇಲೆ ಕರಿಮೆಣಸು. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 303ನೇ ಕಲಂ ಪ್ರಕಾರ ಅಧಿಕಾರವಿಲ್ಲದೆ ಸತ್ತವರ ಸೊತ್ತಿಗೆ ಕೈಹಾಕಿದವರು ತಮ್ಮದೇ ತಪ್ಪಿನಿಂದ ಎಕ್ಸಿಕ್ಯೂಟರ್ (ವಿಲ್ ಜಾರಿ ಮಾಡಲು ವಿಲ್‌ನಲ್ಲೇ ಹೆಸರಿಸಿದವರಿಗೆ ಇರುವ ಹೆಸರು) ಆಗಿಬಿಡುತ್ತಾರೆ. ಅಂದರೆ ಹೊಣೆ ಪೂರ್ತಿ, ಹಕ್ಕು ಏನೂ ಇಲ್ಲ. ಸೊತ್ತು ಹಾಳಾಗದಂತೆ ಕಾಪಾಡುವುದಕ್ಕೆ, ಕುಟುಂಬದ ಅಥವಾ ಸೊತ್ತಿನ ತಕ್ಷಣದ ಅಗತ್ಯಕ್ಕೆ ಮಾಡಿದ ಕೆಲಸಕ್ಕೆ ಮಾತ್ರ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ಹಣ್ಣಾದ ಕಾಫಿ ಕೊಯ್ಯಿಸಿ, ಕಣದಲ್ಲಿ ಒಣಗಿಸಿ, ಕೂಲಿ ಕೊಟ್ಟು, ಚೀಲ ಕಟ್ಟಿ ಇಡುವುದು ಕಾಪಾಡುವ ಕೆಲಸ. ರೇಟು ಚೆನ್ನಾಗಿದೆಯೆಂದು ಮಾರಿ ಹಣವನ್ನು ಒಬ್ಬರ ಖಾತೆಗೆ ಹಾಕಿಕೊಳ್ಳುವುದು ಕೈಹಾಕುವ ಕೆಲಸ. ಇವೆರಡರ ನಡುವಿನ ಗೆರೆ ಕಾಗದದಲ್ಲಿ ಕಾಣಬೇಕು. ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗೆ) ಅಥವಾ ವ್ಯಾಪಾರಿಯ ಗೋದಾಮಿಗೆ ಹಾಕುವ ಪ್ರತಿ ಲೋಡಿನ ತೂಕದ ಚೀಟಿಯಲ್ಲಿ ತಂದೆಯ ಹೆಸರು ಮತ್ತು ‘ಎಸ್ಟೇಟ್ ಬಾಬ್ತು’ ಎಂದು ಬರೆಸಿ. ಚೀಲದ ಸಂಖ್ಯೆ, ತೂಕ, ಔಟ್‌ಟರ್ನ್ (ಒಣಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ನಮೂದಾಗಲಿ. ಚೀಟಿ ಅಣ್ಣನ ಮಗನ ಹೆಸರಿನಲ್ಲಿದ್ದರೆ ಹಣವೂ ಅವನ ಹೆಸರಿಗೇ ಬರುತ್ತದೆ, ಆಮೇಲೆ ಜಗಳ ಬಿಡಿಸುವುದು ಎರಡು ಪಟ್ಟು ಕೆಲಸ. ಮರ ಕಡಿಸುವ ಮಾತು ಯಾರಾದರೂ ಎತ್ತಿದರೆ ಸದ್ಯಕ್ಕೆ ಸಾರಾಸಗಟಾಗಿ ಬೇಡವೆನ್ನಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ: ಹೊಸ ಆಡಳಿತಗಾರ ಬೇಕೇ ಬೇಕಾ? ಎಲ್ಲ ಮನೆಗಳಿಗೂ ಬೇಕಿಲ್ಲ. ಹಿಂದೂಗಳು ವಿಲ್ ಇಲ್ಲದೆ ತೀರಿಕೊಂಡಾಗ ವಾರಸುದಾರರ ಹಕ್ಕಿಗೆ ಆಡಳಿತ ಪತ್ರ ಕಡ್ಡಾಯವಲ್ಲ, 1925ರ ಅದೇ ಕಾಯ್ದೆಯ 212ನೇ ಕಲಮೇ ಅದನ್ನು ಬಿಟ್ಟುಕೊಟ್ಟಿದೆ (ಮುಂದೆ ಬರಿಯ ಕಲಂ ಸಂಖ್ಯೆ ಹೇಳಿದರೆ ಅದು ಈ ಕಾಯ್ದೆಯದು). ಸಾಲವೆಲ್ಲ ತೀರಿದ್ದು, ಉಳಿದಿರುವುದು ಜಮೀನು ಮಾತ್ರವಾಗಿದ್ದು, ಎಲ್ಲರೂ ಒಪ್ಪುವುದಾದರೆ, ವಾರಸುದಾರರೆಲ್ಲ ಸೇರಿ ನೇರವಾಗಿ ವಿಭಾಗ ಪತ್ರ ನೋಂದಣಿ ಮಾಡಿಸಬಹುದು. ನಿಮ್ಮ ಮನೆಯಲ್ಲಿ ಹಾಗಿಲ್ಲ. ಎಸ್ಟೇಟ್ ಹೆಸರಿನ ಖಾತೆಯಲ್ಲಿ ಹಣವಿದೆ, ಷೇರು ವರ್ಗವಾಗಿಲ್ಲ, ಒಬ್ಬ ಪಾಲುದಾರಳು ಅಪ್ರಾಪ್ತಳು, ಒಬ್ಬರು ಊರಲ್ಲಿಲ್ಲ, ಇನ್ನೊಬ್ಬರು ಆಗಲೇ ಹಕ್ಕು ಮಾತಾಡುತ್ತಿದ್ದಾರೆ. ಹೊಸ ನೇಮಕವೇ ಸರಿ.

ಠೇವಣಿ ಮತ್ತು ಷೇರಿಗೆ ಸಕ್ಸೆಷನ್ ಸರ್ಟಿಫಿಕೇಟ್ (ಸತ್ತವರ ಹಣ, ಷೇರು ಪಡೆಯಲು ನ್ಯಾಯಾಲಯ ಕೊಡುವ ಪ್ರಮಾಣಪತ್ರ) ತೆಗೆದುಬಿಡಿ, ಬೇಗ ಆಗುತ್ತದೆ ಎಂದು ಸಲಹೆ ಕೊಡುವವರಿರುತ್ತಾರೆ. 385ನೇ ಕಲಂ ಓದದೆ ಆ ದಾರಿ ಹಿಡಿಯಬೇಡಿ. ಅದೇ ಸೊತ್ತಿಗೆ ಮೊದಲೇ ಕೊಟ್ಟ ಆಡಳಿತ ಪತ್ರ ಜಾರಿಯಲ್ಲಿದ್ದರೆ, ನಂತರ ಕೊಟ್ಟ ಸರ್ಟಿಫಿಕೇಟ್ ಅಸಿಂಧು. 2020ರ ಪತ್ರದ ವಿಷಯ ಮುಚ್ಚಿಟ್ಟು ತಂದರೆ ಅದು ರದ್ದಿಗೂ ಕಾರಣವಾಗುತ್ತದೆ.

ಇನ್ನು ಅರ್ಜಿ. ಅರ್ಜಿಯಲ್ಲಿ ಅತಿ ಕಷ್ಟದ ಭಾಗ ಕಾನೂನಲ್ಲ, ಪಟ್ಟಿ. ವಕೀಲರು ‘ಡಿ ಬೋನಿಸ್ ನಾನ್’ ಎಂದು ಕರೆಯುವ ಈ ಎರಡನೇ ನೇಮಕ ಸಿಗುವುದು ಇಡೀ ಆಸ್ತಿಗಲ್ಲ, ಮೊದಲಿನವರು ನಿರ್ವಹಿಸಿ ಮುಗಿಸದೆ ಬಿಟ್ಟ ಭಾಗಕ್ಕೆ ಮಾತ್ರ. ಆದ್ದರಿಂದ ಯಾವುದು ಮುಗಿದಿದೆ, ಯಾವುದು ಮುಗಿದಿಲ್ಲ ಎಂದು ಗೆರೆ ಎಳೆಯಬೇಕು. 2020ರ ಅರ್ಜಿಯ ಆಸ್ತಿ ಪಟ್ಟಿಯನ್ನೇ ಯಥಾವತ್ತು ಇಳಿಸಿ ತಾರೀಖು ಬದಲಾಯಿಸಿ ಕೊಟ್ಟರೆ ಆಕ್ಷೇಪಣೆ ಬರುತ್ತದೆ, ಬರಬೇಕು ಕೂಡ.

ಗೆರೆ ಎಳೆಯುವುದು ಹೀಗೆ. ನ್ಯಾಯಾಲಯದ ಕಡತದಿಂದ ಶುರು ಮಾಡಿ. 317ನೇ ಕಲಂ ಪ್ರಕಾರ ಆಡಳಿತಗಾರರು ಪತ್ರ ಸಿಕ್ಕ 6 ತಿಂಗಳೊಳಗೆ ಆಸ್ತಿಯ ತಪಶೀಲು ಪಟ್ಟಿಯನ್ನೂ, 1 ವರ್ಷದೊಳಗೆ ಲೆಕ್ಕವನ್ನೂ ಸಲ್ಲಿಸಬೇಕಿತ್ತು. ಅಣ್ಣ ಸಲ್ಲಿಸಿದ್ದರೆ ಅವುಗಳ ದೃಢೀಕೃತ ನಕಲು ನಿಮ್ಮ ಅಡಿಪಾಯ. ಸಲ್ಲಿಸದಿದ್ದರೆ, ಹಾಗಾಗುವುದು ಅಪರೂಪವೇನಲ್ಲ, ಅತ್ತಿಗೆಯವರ ಬಳಿಯಿರುವ ಪಾಸ್‌ಬುಕ್, ಮಸ್ಟರ್ ರೋಲ್, ಕಾಫಿ ಮಾರಿದ ಬಿಲ್ಲು, ಗೊಬ್ಬರದ ಅಂಗಡಿಯ ರಸೀದಿ, ಬೆಳೆಸಾಲದ ಖಾತೆ ಇವುಗಳಿಂದ ಕಟ್ಟಬೇಕು. ದುಃಖದ ಮನೆಗೆ ಹೋಗಿ ಲೆಕ್ಕ ಕೇಳುವುದು ಮುಜುಗರ, ನಿಜ. ಹದಿನಾರನೇ ದಿನದ ಕರ್ಮ ಮುಗಿದ ಮೇಲೆ ಇಬ್ಬರು ಹಿರಿಯರನ್ನು ಕೂರಿಸಿಕೊಂಡು, ಪ್ರತಿ ಕಾಗದಕ್ಕೂ ಪಡೆದುಕೊಂಡ ಚೀಟಿ ಬರೆದುಕೊಟ್ಟು ತೆಗೆದುಕೊಂಡರೆ ಆ ಮುಜುಗರ ಅಲ್ಲಿಗೇ ಮುಗಿಯುತ್ತದೆ.

ಕಾಗದ ಕೈಗೆ ಬಂದ ಮೇಲೆ ಪ್ರತಿ ಬಾಬ್ತನ್ನೂ ಬೇರೆಬೇರೆ ಹಾಕಿ. ನಿಮ್ಮಲ್ಲೊಬ್ಬರಿಗೆ ಬ್ಯಾಂಕ್ ಮೂಲಕ ಹೋದ ಠೇವಣಿ ಪಾಲು ಮುಗಿದ ಬಾಬ್ತು. ಪಟ್ಟಿಯಲ್ಲಿ ಬೇಡ, ಆದರೆ ಅರ್ಜಿಯ ವಿವರಣೆಯಲ್ಲಿ ಇರಲಿ, ಏಕೆಂದರೆ ಕೊನೆಯ ಲೆಕ್ಕದಲ್ಲಿ ಆ ಮೊತ್ತ ಅವರ ಪಾಲಿನಿಂದ ಕಳೆಯಬೇಕು. ಅಣ್ಣ ‘ಈ ನಾಲ್ಕು ಎಕರೆ ನಿನಗೆ’ ಎಂದು ಬೇಲಿ ತೋರಿಸಿ ಬಿಟ್ಟುಕೊಟ್ಟಿದ್ದರೂ ನೋಂದಾಯಿತ ಪತ್ರ ಆಗಿಲ್ಲದಿದ್ದರೆ ಅದು ಮುಗಿಯದ ಬಾಬ್ತು. ಪಟ್ಟಿಯಲ್ಲಿ ಬರಲಿ, ಸ್ವಾಧೀನ ಯಾರಲ್ಲಿದೆ ಎಂದು ಪಕ್ಕದಲ್ಲಿ ಬರೆಯಿರಿ. 2021ರಿಂದ ಮಾರಿದ ಕಾಫಿಯ ಹಣದಲ್ಲಿ ಖರ್ಚು ಕಳೆದು ಉಳಿದದ್ದೂ ಎಸ್ಟೇಟಿನದೇ. ಜಮೀನು ಎಲ್ಲರ ಕಣ್ಣಿಗೂ ಕಾಣುತ್ತದೆ, ಫಸಲಿನ ಹಣ ಮಾತ್ರ ಪಟ್ಟಿಯಿಂದ ಜಾರಿಹೋಗುವುದೇ ಹೆಚ್ಚು.

ಎಲ್ಲಕ್ಕಿಂತ ತಲೆನೋವು ಬೆರೆತುಹೋದ ಹಣ. ಅಣ್ಣ ಎಸ್ಟೇಟಿಗೆ ಬೇರೆ ಖಾತೆ ತೆರೆಯದೆ ತಮ್ಮ ಉಳಿತಾಯ ಖಾತೆಯಲ್ಲೇ ವ್ಯವಹರಿಸಿದ್ದರೆ, ಆ ಖಾತೆಯ ನಾಮಿನಿ ಅತ್ತಿಗೆಯೇ ಆಗಿದ್ದರೂ ಎಸ್ಟೇಟಿನ ಹಣ ಅವರದಾಗುವುದಿಲ್ಲ. ನಾಮಿನಿ ಹಣ ಪಡೆಯುವ ಕೈಯಷ್ಟೇ. ಆದರೆ ಯಾವುದು ಎಸ್ಟೇಟಿನದು ಎಂದು ತೋರಿಸಬೇಕಾದವರು ನೀವು. ಒಂದು ಸರಳ ಉದಾಹರಣೆ: ಖಾತೆಯಲ್ಲಿ ಈಗ 9 ಲಕ್ಷ ಇದೆ. ಹಿಂದಿನ ಮಾರ್ಚಿನಲ್ಲಿ ಕಾಫಿ ವ್ಯಾಪಾರಿಯಿಂದ 7 ಲಕ್ಷ ಜಮೆ, ನಂತರ ತೋಟದ ಕೂಲಿ ಗೊಬ್ಬರಕ್ಕೆ 3 ಲಕ್ಷ ಖರ್ಚು. ಹಾಗಿದ್ದರೆ ಮೇಲ್ನೋಟಕ್ಕೆ 4 ಲಕ್ಷ ಎಸ್ಟೇಟಿನದು, 5 ಲಕ್ಷ ಅಣ್ಣನದು. ಈ ಲೆಕ್ಕಕ್ಕೆ ಅತ್ತಿಗೆಯವರ ಒಪ್ಪಿಗೆ ಸಹಿ ಸಿಕ್ಕರೆ ಮುಂದೆ ಒಂದು ದಾವೆಯೇ ತಪ್ಪಿತು. ಇದಕ್ಕೆ ತಿರುಗುಮುರುಗಾಗಿಯೂ ಇರಬಹುದು. ಅಣ್ಣ ತಮ್ಮ ಕೈಯಿಂದ ಹಣ ಹಾಕಿ ತೋಟ ನಡೆಸಿರಬಹುದು. ರಸೀದಿ ಇದ್ದರೆ ಅದು ಎಸ್ಟೇಟ್ ಕೊಡಬೇಕಾದ ಬಾಕಿ, ಹಂಚಿಕೆಗೆ ಮೊದಲೇ ಅತ್ತಿಗೆಗೆ ಸಲ್ಲಬೇಕು. ಅದನ್ನು ನೀವೇ ಮುಂದಾಗಿ ಒಪ್ಪಿಕೊಂಡರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ.

ಒಕ್ಕದ (ಕೊಡವ ಮನೆತನದ) ಜಮ್ಮಾ ಜಾಗವನ್ನು, ಅಂದರೆ ಮನೆತನವೇ ತಲೆಮಾರುಗಳಿಂದ ಒಟ್ಟಾಗಿ ಹಿಡಿದುಕೊಂಡು ಬಂದ ಭೂಮಿಯನ್ನು, ಈ ಪಟ್ಟಿಗೆ ಸೇರಿಸಬೇಡಿ. ಪಟ್ಟೆದಾರರ (ಮನೆತನದ ಹಿರಿಯರ) ಹೆಸರಿನಲ್ಲಿರುವ ಗದ್ದೆ, ಬಾಣೆಗೆ (ಗದ್ದೆಗೆ ಸೇರಿದ ಕಾಡುಜಾಗಕ್ಕೆ) ನಿಮ್ಮ ತಂದೆಯೊಬ್ಬರೇ ಮಾಲೀಕರಲ್ಲ. ಅದರಲ್ಲಿ ತಂದೆಗೆ ಪಾಲಿತ್ತು ಎಂದಾದರೆ ‘ಇಂಥ ಸರ್ವೆ ನಂಬರಿನಲ್ಲಿ ಮೃತರಿಗೆ ಇದ್ದ ಪಾಲು’ ಎಂದಷ್ಟೇ ಬರೆಯಬೇಕು. ಪೂರ್ತಿ ಸರ್ವೆ ನಂಬರು ಹಾಕಿದರೆ ಒಕ್ಕದ ಉಳಿದವರೆಲ್ಲ ತಕರಾರಿಗೆ ಬರುತ್ತಾರೆ, ಒಂದು ಸಣ್ಣ ಅರ್ಜಿ ಹತ್ತು ಮನೆಗಳ ವ್ಯಾಜ್ಯವಾಗುತ್ತದೆ.

ಅರ್ಜಿ ಹಾಕುವುದು ಮೊದಲ ಪತ್ರ ಕೊಟ್ಟ ಮಡಿಕೇರಿಯ ಜಿಲ್ಲಾ ನ್ಯಾಯಾಲಯದಲ್ಲೇ; ಪಿ ಆ್ಯಂಡ್ ಎಸ್‌ಸಿ ಎಂಬ ಸಾಲಿನಲ್ಲಿ ನಂಬರು ಬೀಳುತ್ತದೆ. 301ನೇ ಕಲಂ ಓದಿ ಹೈಕೋರ್ಟಿಗೇ ಹೋಗಬೇಕೆಂದು ತಿಳಿಯುವವರಿದ್ದಾರೆ. ಆಡಳಿತಗಾರರನ್ನು ತೆಗೆದುಹಾಕಿ ಬೇರೆಯವರನ್ನು ಕೂರಿಸುವ ಅಧಿಕಾರ ಆ ಕಲಮಿನಡಿ ಹೈಕೋರ್ಟಿಗೆ ಇರುವುದು ನಿಜ. ಅದು ಮುಖ್ಯವಾಗಿ ಬದುಕಿದ್ದೂ ಕೆಲಸ ಕೆಡಿಸುತ್ತಿರುವವರ ಮೇಲೆ ಬಳಸುವ ಅಸ್ತ್ರ. ಸಾವಿನಿಂದ ತೆರವಾದ ಜಾಗಕ್ಕೆ ಬೆಂಗಳೂರಿನ ಖರ್ಚು ಬೇಕಿಲ್ಲ.

ಕಲಂ ನಮೂದಿಸುವಾಗ ಒಂದು ಸೂಕ್ಷ್ಮವಿದೆ. 258ನೇ ಕಲಮಿನ ಭಾಷೆ ‘ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್ ತೀರಿಕೊಂಡರೆ’ ಎಂದಿದೆ (ಪ್ರೊಬೇಟ್ ಎಂದರೆ ವಿಲ್ ಸರಿಯೆಂದು ನ್ಯಾಯಾಲಯ ಕೊಡುವ ಪ್ರಮಾಣ). ಆಡಳಿತಗಾರ ಎಂಬ ಪದ ಅಲ್ಲಿಲ್ಲ. ನಿಮ್ಮದು ವಿಲ್ ಇಲ್ಲದ ಪ್ರಕರಣ. ಹಾಗಾಗಿ 258 ಒಂದನ್ನೇ ನೆಚ್ಚಿಕೊಳ್ಳದೆ 218, 259, 313ನ್ನೂ ಸೇರಿಸಿ ಬರೆಯಬೇಕು. 259 ಹೇಳುವುದು: ಅರ್ಧಕ್ಕೆ ನಿಂತ ಆಸ್ತಿಗೆ ಪತ್ರ ಕೊಡುವಾಗಲೂ ಮೊದಲ ಪತ್ರಕ್ಕೆ ಅನ್ವಯಿಸುವ ನಿಯಮಗಳೇ, ಮೊದಲ ಪತ್ರ ಯಾರಿಗೆ ಕೊಡಬಹುದಿತ್ತೋ ಅಂಥವರಿಗೇ ಕೊಡಬೇಕು. 313 ಹೇಳುವುದು: ಹೊಸಬರಿಗೆ ಉಳಿದ ಆಸ್ತಿಯ ಮಟ್ಟಿಗೆ ಹಳಬರಷ್ಟೇ ಅಧಿಕಾರ.

ಈ 259ರಿಂದಲೇ ನಿಮ್ಮ ಮನೆಯ ಜಗಳಕ್ಕೆ ಉತ್ತರ ಸಿಗುತ್ತದೆ. 2018ರಲ್ಲಿ ತಂದೆ ತೀರಿಕೊಂಡಾಗ ಅವರ ವಾರಸುದಾರರು ತಾಯಿ ಮತ್ತು ನಾಲ್ವರು ಮಕ್ಕಳು. ಅಣ್ಣ ಬದುಕಿದ್ದರಿಂದ ಅಣ್ಣನ ಮಗ ಅಂದು ವಾರಸುದಾರನಲ್ಲ, ಅತ್ತಿಗೆಯೂ ಅಲ್ಲ. ಮೂಲ ಪತ್ರ ಅವರಿಗೆ ಸಿಗುತ್ತಿರಲಿಲ್ಲ, ಈಗಲೂ ಹಕ್ಕಾಗಿ ಸಿಗುವುದಿಲ್ಲ. ಅಣ್ಣನ ಪಾಲಿಗೆ ಮಾತ್ರ ಅವರು ಪೂರ್ಣ ಹಕ್ಕುದಾರರು. ಹಾಗಾಗಿ ಅವರನ್ನು ಅರ್ಜಿಯಲ್ಲಿ ಎದುರುದಾರರನ್ನಾಗಿ ಸೇರಿಸಲೇಬೇಕು, ಬಿಟ್ಟರೆ ಮುಂದೆ 263ರಡಿ ಪತ್ರ ರದ್ದಾಗುವ ಅಪಾಯವಿದೆ.

ಪಾಲಿನ ಲೆಕ್ಕವನ್ನೂ ಇಲ್ಲೇ ಮಾಡಿಬಿಡೋಣ, ಬಹಳ ಕಡೆ ಇದು ತಪ್ಪುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರಂತೆ 20 ಎಕರೆಯಲ್ಲಿ ತಾಯಿಗೂ ನಾಲ್ವರು ಮಕ್ಕಳಿಗೂ ತಲಾ 4 ಎಕರೆ. ಅಣ್ಣ ವಿಲ್ ಬರೆಯದೆ ತೀರಿಕೊಂಡಿದ್ದರೆ ಅವರ 4 ಎಕರೆಗೆ ಹೆಂಡತಿ, ಮಗ, ಮಗಳು ಮಾತ್ರವಲ್ಲ, ತಾಯಿಯೂ ಮೊದಲ ದರ್ಜೆಯ ವಾರಸುದಾರರು. ಆ ನಾಲ್ವರಿಗೆ ತಲಾ 1 ಎಕರೆ. ಒಟ್ಟು ತಾಯಿಗೆ 5, ಉಳಿದ ಮೂವರು ಮಕ್ಕಳಿಗೆ ತಲಾ 4, ಅತ್ತಿಗೆ, ಮಗ, ಮಗಳಿಗೆ ತಲಾ 1. ಸತ್ತ ಮಗನ ಆಸ್ತಿಯಲ್ಲಿ ತಾಯಿಗೆ ಪಾಲಿದೆ ಎಂಬುದನ್ನು ಮರೆತು ಅಣ್ಣನ ಕವಲಿಗೆ ಪೂರ್ತಿ 4 ಬರೆದ ವಿಭಾಗ ಪತ್ರಗಳು ಬೇಕಾದಷ್ಟಿವೆ. ತಾಯಿ ಬಿಟ್ಟುಕೊಡುವುದಾದರೆ ಬಿಟ್ಟುಕೊಡಲಿ, ಆದರೆ ಹಕ್ಕು ಬಿಡುಗಡೆ ಪತ್ರದ ಮೂಲಕ.

ಯಾರನ್ನು ಮುಂದೆ ನಿಲ್ಲಿಸಬೇಕು? ಒಬ್ಬರ ಬದಲು ಇಬ್ಬರನ್ನು ಕೇಳಿ. 312ನೇ ಕಲಂ ಪ್ರಕಾರ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಅಧಿಕಾರ ಪೂರ್ತಿ ಉಳಿದವರಿಗೆ ಬರುತ್ತದೆ, ಮತ್ತೆ ಅರ್ಜಿ ಹಾಕುವುದು ತಪ್ಪುತ್ತದೆ. 2020ರಲ್ಲೇ ಹೀಗೆ ಮಾಡಿದ್ದರೆ ಇವತ್ತು ಈ ಪ್ರಶ್ನೆಯೇ ಬರುತ್ತಿರಲಿಲ್ಲ. ತಾಯಿ ಮತ್ತು ಊರಲ್ಲಿರುವ ಒಬ್ಬ ಮಗಳು ಅಥವಾ ಮಗ ಸರಿಯಾದ ಜೋಡಿ. ಆದರೆ 311ರಂತೆ ಇಬ್ಬರಲ್ಲಿ ಯಾರೊಬ್ಬರಾದರೂ ಒಂಟಿಯಾಗಿ ಅಧಿಕಾರ ಚಲಾಯಿಸಬಹುದು. ಅದು ಬೇಡವೆಂದರೆ ಮಾರಾಟ, ಅಡಮಾನ, ಬ್ಯಾಂಕ್ ಖಾತೆಗೆ ಜಂಟಿ ಸಹಿ ಬೇಕೆಂದು ಆದೇಶದಲ್ಲೇ ಬರೆಸಿಕೊಳ್ಳಬೇಕು. ಮನೆಯವರಲ್ಲಿ ಯಾರ ಮೇಲೂ ಒಮ್ಮತವಿಲ್ಲದಿದ್ದರೆ ಹೊರಗಿನ ತಟಸ್ಥರನ್ನು ಕೇಳಬಹುದು, ಅದಕ್ಕೆ 254 ಇದೆ.

ಅರ್ಜಿಯಲ್ಲಿ 278ನೇ ಕಲಮಿನ ವಿವರಗಳೆಲ್ಲ ಇರಬೇಕು: ತಂದೆ ತೀರಿಕೊಂಡ ದಿನ ಮತ್ತು ಸ್ಥಳ, ವಾರಸುದಾರರು ಮತ್ತು ಅವರ ವಿಳಾಸ, ನಿಮ್ಮ ಹಕ್ಕು, ಕೈಗೆ ಬರಬಹುದಾದ ಆಸ್ತಿಯ ಮೌಲ್ಯ, ಜಿಲ್ಲೆಯೊಳಗೆ ವಾಸ ಅಥವಾ ಆಸ್ತಿ ಇತ್ತೆಂಬುದು. ಅದರ ಮೇಲೆ ಮೊದಲ ಪತ್ರದ ನಂಬರು ಮತ್ತು ದಿನಾಂಕ, ಅಣ್ಣ ತೀರಿಕೊಂಡ ದಿನ, ಅವರು ಮುಗಿಸಿದ್ದೇನು, ಉಳಿದದ್ದೇನು. ಪ್ರಾರ್ಥನೆ ಎರಡು ಇರಲಿ: ಹಳೆಯ ಪತ್ರ ನಿರುಪಯುಕ್ತವಾಗಿದೆ ಎಂದು ದಾಖಲಿಸುವುದು, ಉಳಿದ ಆಸ್ತಿಗೆ ಹೊಸ ಪತ್ರ ಕೊಡುವುದು. ಹಳೆಯ ಪತ್ರದ ಅಸಲು ಅತ್ತಿಗೆಯವರ ಬಳಿ ಇದ್ದರೆ ಅದನ್ನು ನ್ಯಾಯಾಲಯಕ್ಕೆ ಒಪ್ಪಿಸಿ. ಜೊತೆಗೆ ಎರಡೂ ಮರಣ ಪ್ರಮಾಣಪತ್ರ, ಎರಡು ವಂಶವೃಕ್ಷ (ತಂದೆಯದೊಂದು, ಅಣ್ಣನದೊಂದು), ಚಾಲ್ತಿ ವರ್ಷದ ಪಹಣಿ, ಋಣಭಾರ ಪತ್ರ, ಬ್ಯಾಂಕ್ ಮತ್ತು ಡಿಮ್ಯಾಟ್ ವಿವರ. ಮೊದಲ ಸಲ ಪೂರ್ತಿ ಆಸ್ತಿಗೆ ಕೋರ್ಟ್ ಫೀ ಕಟ್ಟಿದ ದಾಖಲೆಯನ್ನೂ ಇಡಿ. ಅದೇ ಆಸ್ತಿಗೆ ಎರಡನೇ ಸಲ ಪೂರ್ತಿ ಶುಲ್ಕ ಕೇಳಬಾರದು ಎಂದು ವಾದಿಸಲು ಅದೇ ಆಧಾರ. ಆಸ್ತಿ ಕಣ್ಣೂರಿನಲ್ಲೋ ವಯನಾಡಿನಲ್ಲೋ ಇದ್ದರೆ ಮೊದಲೇ ಹೇಳಿ. ರಾಜ್ಯದ ಹೊರಗಿನ ಆಸ್ತಿ 10,000 ರೂಪಾಯಿ ಮೀರಿದರೆ ಜಿಲ್ಲಾ ನ್ಯಾಯಾಧೀಶರ ಪತ್ರ ಅಲ್ಲಿ ನಡೆಯುವುದಿಲ್ಲ.

ವಿದೇಶದ ತಮ್ಮನಿಂದ ಒಪ್ಪಿಗೆಯ ಪ್ರಮಾಣಪತ್ರ ಮತ್ತು ಪವರ್ ಆಫ್ ಅಟಾರ್ನಿ ತರಿಸಿ. ಭಾರತದ ರಾಯಭಾರ ಕಚೇರಿಯಲ್ಲಿ ಸಹಿ ಮಾಡಿದ್ದಾಗಿರಲಿ. ಪವರ್ ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಕಟ್ಟಿಸಬೇಕು. ಈ ಒಂದು ಕಾಗದಕ್ಕಾಗಿ ಅರ್ಜಿ ತಿಂಗಳುಗಟ್ಟಲೆ ನಿಲ್ಲುವುದುಂಟು, ಆದ್ದರಿಂದ ಮೊದಲು ಬರೆದು ಕಳಿಸಬೇಕಾದ್ದು ಅದನ್ನೇ.

ನಂತರ ಸೈಟೇಷನ್, ಅಂದರೆ ತಕರಾರಿದ್ದವರು ಬನ್ನಿ ಎಂಬ ಕರೆ. ನ್ಯಾಯಾಲಯದಲ್ಲಿ ಮತ್ತು ಜಿಲ್ಲಾಧಿಕಾರಿ ಕಚೇರಿಯಲ್ಲಿ ಪ್ರಕಟಣೆ ಅಂಟಿಸುತ್ತಾರೆ, ಸಾಮಾನ್ಯವಾಗಿ ಪತ್ರಿಕೆಯಲ್ಲೂ ಹಾಕಿಸಬೇಕಾಗುತ್ತದೆ. ಅಣ್ಣನ ಮಗ ಕೇವಿಯಟ್ (ತನ್ನನ್ನು ಕೇಳದೆ ಪತ್ರ ಕೊಡಬೇಡಿ ಎಂಬ ಅರ್ಜಿ) ಹಾಕಿ ತಕರಾರು ಮಾಡಿದರೆ 295ರಂತೆ ಅರ್ಜಿ ದಾವೆಯ ರೂಪ ಪಡೆಯುತ್ತದೆ, ಸಾಕ್ಷಿ, ಪಾಟೀಸವಾಲು ಎಲ್ಲ ಶುರು. ಆಗ 247ನೇ ಕಲಂ ನೆರವಿಗಿದೆ: ದಾವೆ ಮುಗಿಯುವವರೆಗೆ ತಾತ್ಕಾಲಿಕ ಆಡಳಿತಗಾರರನ್ನು ನೇಮಿಸಬಹುದು. ಅವರಿಗೆ ಹಂಚುವ ಅಧಿಕಾರವೊಂದಿಲ್ಲ, ಉಳಿದೆಲ್ಲ ಇದೆ. ನ್ಯಾಯಾಲಯದ ನೇರ ಹತೋಟಿಯಲ್ಲಿರುತ್ತಾರೆ. ಕಾಫಿ ಕೊಯ್ದು ಮಾರಿ, ಕೂಲಿ, ಪಿಎಫ್ ಕಟ್ಟಿ, ಉಳಿದದ್ದನ್ನು ಎಸ್ಟೇಟ್ ಖಾತೆಗೆ ಹಾಕಲು ಇದು ಸಾಕು. ತಕರಾರು ಬರುವ ಮೊದಲೇ ತುರ್ತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೇ ಆರ್ಡರ್ ಪ್ರಕಾರ ರಿಸೀವರ್ (ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವವರು) ಕೇಳುವ ದಾರಿಯಿದೆ. 269ನೇ ಕಲಮಿನಡಿ ಆಸ್ತಿ ರಕ್ಷಣೆಗೆ ಅರ್ಜಿ ಹಾಕಿ ತಿರಸ್ಕೃತವಾಗಿ ಬರುವವರಿದ್ದಾರೆ. ಆ ಕಲಂ ಹಿಂದೂಗಳ ಸೊತ್ತಿಗೆ ಅನ್ವಯಿಸುವುದೇ ಇಲ್ಲ.

ಎಸ್ಟೇಟ್ ಪರವಾಗಿ ಅಣ್ಣ ಹಾಕಿದ್ದ ಅಥವಾ ಎದುರಿಸುತ್ತಿದ್ದ ದಾವೆ ಏನಾದರೂ ಇದೆಯಾ ನೋಡಿ. ಅಲ್ಲಿ ಹೆಸರು ಬದಲಾವಣೆಗೆ 90 ದಿನ ಮೀರದಂತೆ ಅರ್ಜಿ ಹಾಕಿ. ಅಷ್ಟರೊಳಗೆ ಹೊಸ ಪತ್ರ ಕೈಗೆ ಬರಲಿಕ್ಕಿಲ್ಲ; ತಂದೆಯ ವಾರಸುದಾರರೆಲ್ಲ ಸೇರಿ, ನೇಮಕದ ಅರ್ಜಿ ಬಾಕಿಯಿದೆ ಎಂದು ತಿಳಿಸಿ ಹಾಕಿದರೆ ಸರಿ. ಅಣ್ಣನ ಮಕ್ಕಳನ್ನು ಮಾತ್ರ ಸೇರಿಸಿ ದಾವೆ ಮುಂದುವರಿಸಿದರೆ ತಪ್ಪಾದವರು ಕಣದಲ್ಲಿದ್ದ ಹಾಗೆ.

ಆದೇಶ ಆಯಿತೆಂದರೆ 291ರ ಪ್ರಕಾರ ಹೊಸ ಬಾಂಡ್, ಜಾಮೀನುದಾರರು. ಹಳೆಯ ಬಾಂಡ್ ಹೊಸಬರಿಗೆ ಬರುವುದಿಲ್ಲ, ಆದರೆ ಹಳೆಯ ಅವಧಿಯಲ್ಲಿ ನಷ್ಟವಾಗಿದ್ದರೆ ಆ ಜಾಮೀನುದಾರರ ಹೊಣೆ ಉಳಿದೇ ಇರುತ್ತದೆ. ಅಣ್ಣ ಎಸ್ಟೇಟಿಗೆ ಕೊಡಬೇಕಾದ್ದು ಅವರ ವಾರಸುದಾರರಿಂದ ವಸೂಲಾಗುವುದು ಅವರ ಕೈಗೆ ಬಂದ ಅಣ್ಣನ ಆಸ್ತಿಯ ಮಟ್ಟಿಗೆ ಮಾತ್ರ. ಅತ್ತಿಗೆಯ ಸ್ವಂತದ್ದಕ್ಕೆ ಕೈಹಾಕುವಂತಿಲ್ಲ. ಹೊಸ ಆಡಳಿತಗಾರರಿಗೂ 6 ತಿಂಗಳ ತಪಶೀಲು ಪಟ್ಟಿ, 1 ವರ್ಷದ ಲೆಕ್ಕದ ಗಡುವು ಹೊಸದಾಗಿ ಶುರು. ಕಾಫಿಗೆ ತಕ್ಕಂತೆ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ಗೆ ಲೆಕ್ಕ ಇಡುವ ಅಭ್ಯಾಸದಲ್ಲಿ ಈ ಗಡುವು ಮರೆಯುತ್ತದೆ. ಇದು ಪತ್ರದ ತಾರೀಖಿನಿಂದ ಎಣಿಸುವಂಥದ್ದು.

307ನೇ ಕಲಮಿನ ಕಟ್ಟು ಹೊಸಬರಿಗೂ ಇದೆ. ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆ ಜಮೀನು ಮಾರುವಂತಿಲ್ಲ, ಅಡಮಾನ ಇಡುವಂತಿಲ್ಲ, 5 ವರ್ಷ ಮೀರಿದ ಗುತ್ತಿಗೆಗೆ ಕೊಡುವಂತಿಲ್ಲ. ಒಂದು ವರ್ಷದ ಫಸಲು ಗುತ್ತಿಗೆಗೆ ಈ ಅಡ್ಡಿಯಿಲ್ಲ. ಅಣ್ಣ ಅನುಮತಿ ಪಡೆದು ಯಾರಿಗಾದರೂ ಕರಾರು ಬರೆದುಕೊಟ್ಟಿದ್ದು ಕ್ರಯಪತ್ರ ಬಾಕಿಯಿದ್ದರೆ, ಕೊಳ್ಳುವವರಿಗೆ ಅಣ್ಣನ ಮಕ್ಕಳ ಸಹಿಯಿಂದ ಪ್ರಯೋಜನವಿಲ್ಲ. ಹಳೆಯ ಅನುಮತಿ ಅಣ್ಣನ ಹೆಸರಿನಲ್ಲಿದ್ದರೆ ಹೊಸಬರ ಹೆಸರಿಗೆ ಮತ್ತೊಮ್ಮೆ ಆದೇಶ ಪಡೆದು ಸಹಿ ಹಾಕಬೇಕು.

ತಂದೆ ವಿಲ್ ಬರೆದಿದ್ದು ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್ ತೀರಿಕೊಂಡಿದ್ದರೆ ದಾರಿ ಸ್ವಲ್ಪ ಬೇರೆ. ಪ್ರೊಬೇಟ್ ಪಡೆದ ಇನ್ನೊಬ್ಬ ಎಕ್ಸಿಕ್ಯೂಟರ್ ಇದ್ದರೆ 226ರಂತೆ ಅವರೇ ಮುಂದುವರಿಯುತ್ತಾರೆ, ಅರ್ಜಿಯೇ ಬೇಡ. ಇಲ್ಲದಿದ್ದರೆ 232ರಂತೆ ಉಳಿಕೆ ಆಸ್ತಿ ಯಾರಿಗೆ ಬರೆದಿದೆಯೋ ಅವರು ವಿಲ್ ಲಗತ್ತಿಸಿದ ಆಡಳಿತ ಪತ್ರ ಕೇಳಬಹುದು.

ಕೊನೆಗೆ ಹಂಚಿಕೆ. ಸರ್ವೆ ನಂಬರು ಒಡೆಯುವುದಿದ್ದರೆ ವಿಭಾಗ ಪತ್ರಕ್ಕೆ ಮೊದಲು 11ಇ ನಕ್ಷೆ (ಒಡೆದ ಭಾಗಗಳನ್ನು ತೋರಿಸುವ ಸರ್ವೆ ಇಲಾಖೆಯ ನಕ್ಷೆ) ಬೇಕು, ಅದಿಲ್ಲದೆ ನೋಂದಣಿಗೆ ಹೋದರೆ ವಾಪಸು ಬರುತ್ತೀರಿ. ಸರ್ವೆಯರ್ ಬಂದು ಅಳೆಯುವ ಹೊತ್ತಿಗೆ ಕೆರೆ, ಕಣ, ಲೈನ್ ಮನೆ (ಕಾರ್ಮಿಕರ ಮನೆ ಸಾಲು), ತೋಟದೊಳಗಿನ ಜೀಪ್ ದಾರಿ ಇವು ಯಾರ ಪಾಲಿಗೆ, ಯಾರಿಗೆ ಬಳಕೆಯ ಹಕ್ಕು ಎಂದು ತೀರ್ಮಾನಿಸಿಕೊಂಡಿರಿ. ಎಕರೆ ಸಮನಾದರೂ ನೀರಿಲ್ಲದ ಪಾಲು ಸಮನಲ್ಲ, ಫೆಬ್ರವರಿಯಲ್ಲಿ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ನೀರೆಲ್ಲಿಂದ ಎಂಬುದೇ ಮೊದಲ ಜಗಳ. ಹದಿನಾರರ ಹುಡುಗಿಯ 1 ಎಕರೆ ಅಮ್ಮನ ಪಾಲಿಗೆ ಸೇರಿಸಿ ಬರೆಯಬೇಡಿ, ಬೇರೆಯೇ ಗುರುತಿಸಿ. ಅದನ್ನು ಮಾರಬೇಕಾದರೆ ತಾಯಿಗೂ ನ್ಯಾಯಾಲಯದ ಅನುಮತಿ ಬೇಕು, ಇಲ್ಲವಾದರೆ 18 ತುಂಬಿದ ಮೇಲೆ ಅವಳು 3 ವರ್ಷದೊಳಗೆ ಅದನ್ನು ಪ್ರಶ್ನಿಸಬಹುದು. ವಿಭಾಗ ಪತ್ರಕ್ಕೆ ವಾರಸುದಾರರೆಲ್ಲರ ಜೊತೆ ಆಡಳಿತಗಾರರೂ ಆ ಹೊಣೆಯಲ್ಲೇ ಸಹಿ ಹಾಕಲಿ. ಜೆ ಸ್ಲಿಪ್ (ನೋಂದಣಿ ಕಚೇರಿ ಕಂದಾಯ ಇಲಾಖೆಗೆ ಕಳಿಸುವ ಮಾಹಿತಿ ಚೀಟಿ) ಹೋಗಿ ಮ್ಯುಟೇಷನ್ ಆದಮೇಲೆ ಪ್ರತಿಯೊಬ್ಬರ ಪಹಣಿ ತೆಗೆಸಿ ಅಣ್ಣನ ಹೆಸರು ಎಲ್ಲಾದರೂ ಉಳಿದಿದೆಯಾ ನೋಡಿ, ಅಂತಿಮ ಲೆಕ್ಕವನ್ನು ಮಡಿಕೇರಿ ನ್ಯಾಯಾಲಯಕ್ಕೆ ಸಲ್ಲಿಸಿ, ಜಾಮೀನುದಾರರನ್ನು ಬಿಡುಗಡೆ ಮಾಡಿಸಿಕೊಳ್ಳಿ.